ಆಮೆನ್ ಅಂದವನು ನಾನೇ

ಜೂನ್ 3, ಬುಧವಾರ

ಇವತ್ತು ಚರ್ಚಿನ ಪ್ರಾರ್ಥನಾ ಕೂಟದಲ್ಲಿ ನನ್ನನ್ನು ಈ ಸಭೆಯಿಂದ ಕಳಿಸಿಕೊಡಬೇಕೆಂದು ದೇವರಲ್ಲಿ ಬೇಡಿಕೊಳ್ಳಲಾಯಿತು. ನಾನು ಆಮೆನ್ ಅಂದೆ.

ಬೇಕೆಂದು ಅಂದದ್ದಲ್ಲ. ಯಾರು ಪ್ರಾರ್ಥನೆ ಮುಗಿಸಿದರೂ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅನ್ನುವುದು ಸಭಾಪಾಲಕನಾದ ನನ್ನ ಪಾಲಿನ ಕೆಲಸ. ವರ್ಷಗಟ್ಟಲೆ ಅಂದು ಅಂದು ಈಗ ಅದು ತಾನಾಗಿಯೇ ಬಾಯಿಗೆ ಬರುತ್ತದೆ, ಕಿವಿಯ ಅಪ್ಪಣೆಗೆ ಕಾಯುವುದಿಲ್ಲ.

ಬೇಡಿಕೊಂಡವರು ಸಭೆಯ ಸೆಕ್ರೆಟರಿ, ಟೈಲ್ಸ್ ಅಂಗಡಿಯ ಯಜಮಾನರು. ನನ್ನ ಹೆಂಡತಿ ಮನೆಯೊಳಗೆ ಅವರನ್ನು ಟೈಲ್ಸಣ್ಣ ಅನ್ನುತ್ತಾಳೆ. ಹಾಗೆಲ್ಲ ಅನ್ನಬಾರದೆಂದು ಅವಳಿಗೆ ಹೇಳಿದ್ದೇನೆ. ಇಲ್ಲಿ ಬರೆಯುವಾಗ ಮಾತ್ರ ನಾನೂ ಹಾಗೇ ಬರೆಯುತ್ತೇನೆ, ಚಿಕ್ಕದಾಗುತ್ತದೆ. ಟೈಲ್ಸಣ್ಣ ಪ್ರಾರ್ಥಿಸಿದ್ದು ಹೀಗೆ: “ಕರ್ತನೇ, ನಿನ್ನ ದಾಸರು ಇಲ್ಲಿ ದುಡಿದು ದಣಿದಿದ್ದಾರೆ. ಅವರಿಗೆ ಬೇರೆ ಕಡೆ ಒಂದು ಬಾಗಿಲು ತೆರೆ ತಂದೆಯೇ. ಬೇಗ ತೆರೆ.”

ನಮ್ಮ ಸಭೆಯಲ್ಲಿ ಯಾರೂ ಯಾರಿಗೂ ಮುಖ ನೋಡಿ ಕಟುವಾಗಿ ಮಾತಾಡುವುದಿಲ್ಲ. ಹೇಳಬೇಕಾದದ್ದನ್ನು ದೇವರಿಗೆ ಹೇಳುತ್ತಾರೆ, ಸಂಬಂಧಪಟ್ಟವರಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಮೈಕ್ ಗೊರಗೊರ ಅಂದರೆ “ಮೈಕಿನ ಸಹೋದರನಿಗೆ ಜಾಗ್ರತೆಯ ಮನಸ್ಸು ಕೊಡು” ಎಂಬ ಪ್ರಾರ್ಥನೆ ಬರುತ್ತದೆ. ಎಲ್ಲರ ಕಣ್ಣೂ ಮುಚ್ಚಿರುವುದರಿಂದ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಮಧ್ಯದಲ್ಲಿ ಬಾಯಿ ಹಾಕುವಂತೆಯೂ ಇಲ್ಲ. ಎದುರು ಮಾತಾಡಬೇಕೆಂದರೆ ತನ್ನ ಸರದಿಯ ಪ್ರಾರ್ಥನೆಗೆ ಕಾಯಬೇಕು. ಬಹಳ ಸಭ್ಯವಾದ ಪದ್ಧತಿ. ತಡವಾಗಿ ಬರುವವರ ವಿಷಯದಲ್ಲಿ ನಾನೂ ಬಳಸಿದ್ದೇನೆ.

ಇಷ್ಟಕ್ಕೆಲ್ಲ ಕಾರಣ ಸಭೆಯ ಹಾಲ್. ರಸ್ತೆಯ ಆಚೆ ಬದಿ ದೊಡ್ಡಾಸ್ಪತ್ರೆ ಇದೆ. ರೋಗಿಯ ಹತ್ತಿರ ಒಬ್ಬರನ್ನು ಮಾತ್ರ ಬಿಡುತ್ತಾರೆ, ಉಳಿದವರು ಗೇಟಿನ ಹತ್ತಿರ ನಿಂತಿರಬೇಕು. ನಾವು ಈ ಸಭೆಗೆ ಬಂದ ವರ್ಷದಿಂದ ನಾನು ಹಾಲ್ ಬಾಗಿಲನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಅವರಿಗಾಗಿ ತೆಗೆದಿಟ್ಟಿದ್ದೇನೆ. ಚಾಪೆ, ಬಿಸಿನೀರು, ಟೀ, ಕಾಲು ಚಾಚಲು ಜಾಗ. ಹೆಚ್ಚೇನಿಲ್ಲ. ಹೋದ ತಿಂಗಳು ಟೈಲ್ಸಣ್ಣ ತಮ್ಮ ತಂದೆಯ ನೆನಪಿಗೆ ಹಾಲ್‌ಗೆ ಹೊಸ ನೆಲ ಹಾಕಿಸಿಕೊಟ್ಟರು. ಬಿಳಿ ಟೈಲ್ಸ್. ಜನ ಓಡಾಡುವ ಕಡೆ ಯಾರಾದರೂ ಬಿಳಿ ಟೈಲ್ಸ್ ಹಾಕಿಸುತ್ತಾರೆಯೇ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಮನೆಗೆ ಬಂದು ಇವಳಿಗೆ ಹೇಳಿದೆ. ಇವಳು ಆಸ್ಪತ್ರೆಯ ಹರಿದ ಬೆಡ್‌ಶೀಟುಗಳನ್ನು ಹೊಲಿದುಕೊಡುತ್ತಾಳೆ, ಆಗಲೂ ಹೊಲಿಯುತ್ತಿದ್ದಳು.

“ನೀವೇನ್ ಮಾಡಿದ್ರಿ?”

“ಆಮೆನ್ ಅಂದೆ.”

“ಗಟ್ಟಿಯಾಗಿ ಅಂದ್ರಾ?”

“ಹೂಂ.”

ಹಲ್ಲಿನಿಂದ ದಾರ ಕಡಿದಳು. “ಕೈ ತೊಳ್ಕೊಳ್ಳಿ, ಊಟ ಆರಿಹೋಗ್ತಿದೆ” ಅಂದಳು.

ಜೂನ್ 4, ಗುರುವಾರ

ಯೋಚಿಸಿ ನೋಡಿದೆ. ನನ್ನ ಆಮೆನ್ ಅನ್ನು ಯಾರೂ ಗಮನಿಸಿರಲಿಕ್ಕಿಲ್ಲ.

ಜೂನ್ 7, ಭಾನುವಾರ

ಗಮನಿಸಿದ್ದಾರೆ.

ಆರಾಧನೆ ಮುಗಿದ ಮೇಲೆ ಸಮಿತಿ ಕೂತಿತು. ಟೈಲ್ಸಣ್ಣ ನನ್ನ ಹಿಂದಿನ ಗೋಡೆಯನ್ನು ನೋಡುತ್ತ ಬಹಳ ಮೆತ್ತಗೆ ಮಾತಾಡಿದರು. “ಅಯ್ಯನವರೇ, ನಿಮ್ಮನ್ನ ಹೋಗಿ ಅಂತ ಯಾರೂ ಅಂತಿಲ್ಲ. ಪ್ರಾರ್ಥನೆಯಲ್ಲಿಟ್ವಿ ಅಷ್ಟೆ. ನೀವೂ ಒಪ್ಕೊಂಡ್ರಿ.”

“ನಾನು ಯಾವಾಗ ಒಪ್ಕೊಂಡೆ?”

“ಆಮೆನ್ ಅಂದ್ರಲ್ಲ. ಎಲ್ಲರಿಗಿಂತ ಗಟ್ಟಿಯಾಗಿ.”

ಸಮಿತಿಯಲ್ಲಿ ಗಡಿಯಾರ ರಿಪೇರಿಯ ಹಿರಿಯರೊಬ್ಬರಿದ್ದಾರೆ. ಪ್ರಾರ್ಥನೆಯ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುತ್ತಾರೆ. ಒಳ್ಳೆಯ ಮನುಷ್ಯ, ಸುಳ್ಳು ಹೇಳುವವರಲ್ಲ. ಅವರೂ ತಲೆಯಾಡಿಸಿದರು. “ಹೌದು ಅಯ್ಯನವರೇ. ನನಗೆ ಎಚ್ಚರ ಆಗಿದ್ದೇ ಅದರಿಂದ.”

ಬಾಯಿಗೆ ಬಂದದ್ದೆಲ್ಲ ಒಪ್ಪಿಗೆಯಲ್ಲ ಎಂದು ನಾನು ವಿವರಿಸಲು ಹೊರಟೆ. ಆಗ ಟೈಲ್ಸಣ್ಣ, ಮನಸ್ಸಿಲ್ಲದೆ ಆಮೆನ್ ಅನ್ನುವುದು ದೇವರ ಮುಂದೆ ಸುಳ್ಳುಸಾಕ್ಷಿ ಹೇಳಿದ ಹಾಗೆ ಎಂದು ನಾನೇ ಒಮ್ಮೆ ಆರಾಧನೆಯ ಪ್ರಸಂಗದಲ್ಲಿ ಬೋಧಿಸಿದ್ದನ್ನು ನೆನಪಿಸಿದರು. ನನ್ನ ಪ್ರಸಂಗವೊಂದು ಒಬ್ಬರಿಗಾದರೂ ನೆನಪಿದೆ ಎಂದು ಈ ಸಭೆಯಲ್ಲಿ ನನಗೆ ಗೊತ್ತಾದದ್ದು ಇದೇ ಮೊದಲು.

ಎರಡು ತೀರ್ಮಾನ ಆದವು. ಅಯ್ಯನವರಿಗೆ ತೆರೆಯುವ ಬಾಗಿಲಿಗಾಗಿ ಎಲ್ಲರೂ ಪ್ರಾರ್ಥಿಸುವುದು. ಹಾಲ್ ಬಾಗಿಲನ್ನು ವಾರದ ದಿನಗಳಲ್ಲಿ, ಬುಧವಾರದ ಕೂಟದ ಹೊತ್ತು ಬಿಟ್ಟು, ಮುಚ್ಚುವುದು.

ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಇದನ್ನು ಕಣ್ಣು ಬಿಟ್ಟುಕೊಂಡೇ ಹೇಳಿದೆ, ಆದರೆ ಬಾಗಿಲಿನ ಕಡೆ ನೋಡುತ್ತ ಹೇಳಿದೆ. ಈ ಸಭೆಯ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟವನು ನಾನು, ಇವರ ತಂದೆತಾಯಿಯರನ್ನು ಮಣ್ಣು ಮಾಡಿದವನು ನಾನು. ಟೈಲ್ಸಣ್ಣನ ತಂದೆಯನ್ನೂ ಸೇರಿಸಿ.

ಜೂನ್ 9, ಮಂಗಳವಾರ

ಬೀಗ ಬಿತ್ತು. ಹಿತ್ತಾಳೆಯದು, ಹಾಲ್‌ಗಿಂತ ಗಟ್ಟಿಮುಟ್ಟಾಗಿದೆ.

ಬೆಳಿಗ್ಗೆ ಬಂದವರು ಮೆಟ್ಟಿಲ ಮೇಲೆ ಕೂತಿದ್ದರು. ಅವರಲ್ಲಿ ಸ್ವೆಟರ್ ಅಜ್ಜಿಯೂ ಇದ್ದರು. ಅವರ ಯಜಮಾನರು ಮೂರನೇ ಮಹಡಿಯ ಗಂಡಸರ ವಾರ್ಡಿನಲ್ಲಿದ್ದಾರೆ. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಅಜ್ಜಿಯನ್ನು ಒಳಗೆ ಬಿಡುತ್ತಾರೆ. ಮಧ್ಯದ ಹೊತ್ತೆಲ್ಲ ನಮ್ಮ ಹಾಲ್‌ನಲ್ಲಿ ಕೂತು ಯಜಮಾನರಿಗೆ ನೀಲಿ ಸ್ವೆಟರ್ ಹೆಣೆಯುತ್ತಾರೆ. ಒಂದು ತೋಳು ಮುಗಿದಿದೆ. “ಅವರು ಎದ್ದು ಕೂತ್ಮೇಲೆ ಅಳತೆ ನೋಡಿ ಇನ್ನೊಂದು ಹೆಣೀತೀನಿ” ಅನ್ನುತ್ತಾರೆ.

“ಎರಡು ದಿನ ತಡ್ಕೊಳ್ಳಿ ಅಜ್ಜಿ, ಬಾಗಿಲು ತೆಗೆಸ್ತೀನಿ” ಅಂದೆ.

“ಬಾಗಿಲು ಯಾವುದಾದ್ರೇನಪ್ಪಾ, ಕೂರೋಕೆ ಒಂದಿಷ್ಟು ನೆರಳಿದ್ರೆ ಸಾಕು” ಅಂದರು.

ಇಲ್ಲ, ಇದೇ ಬಾಗಿಲು ಎಂದು ಮಾತು ಕೊಟ್ಟೆ. ಇನ್ನು ಇದು ಹಠದ ಪ್ರಶ್ನೆಯಲ್ಲ, ಮಾತಿನ ಪ್ರಶ್ನೆ.

ಜೂನ್ 10, ಬುಧವಾರ

ನನ್ನ ಸರದಿ. “ಕರ್ತನೇ, ಬೀಗ ಹಾಕಿಕೊಂಡ ಹೃದಯಗಳನ್ನು ತೆರೆ” ಎಂದು ಪ್ರಾರ್ಥಿಸಿದೆ. ಯಾರಿಗೂ ನೋವಾಗದ ಹಾಗೆ, ಸೂಚ್ಯವಾಗಿ. ಮೈಕಿನ ಸಹೋದರ ಒಬ್ಬನೇ ಆಮೆನ್ ಅಂದ.

ಆಮೇಲೆ ಟೈಲ್ಸಣ್ಣ. “ತಂದೆಯೇ, ನಿನ್ನ ಆಲಯದ ನೆಲವನ್ನು ಕೊಳಕು ಪಾದಗಳಿಂದ ಕಾಪಾಡು.” ಆಮೆನ್ ಹಾಲ್ ತುಂಬಿತು. ನಾನು ಹಲ್ಲು ಕಚ್ಚಿಕೊಂಡು ಕೂತೆ. ದವಡೆ ಇನ್ನೂ ನೋಯುತ್ತಿದೆ.

ಜೂನ್ 15, ಸೋಮವಾರ

ಬೆಳಿಗ್ಗೆಯಿಂದ ಮೇಜು ಬಿಟ್ಟು ಎದ್ದಿಲ್ಲ. ಹಾಲ್ ಕಟ್ಟಿದ್ದೇಕೆ, ಕಟ್ಟಿದವರ ಉದ್ದೇಶವೇನು, ಆಲಯ ಎಂದರೇನು, ಅತಿಥಿ ಎಂದರೇನು, ಹೀಗೆ ಒಂದೊಂದನ್ನೇ ಎತ್ತಿಕೊಂಡು ವಾದ ಬರೆಯುತ್ತಿದ್ದೇನೆ. ಆಸ್ಪತ್ರೆಯ ಕಡೆ ಹೋಗಲು ಆಗಲಿಲ್ಲ. ಇದು ಮುಗಿಯಲಿ, ಅಲ್ಲಿಗೆ ಹೋಗುವುದು ಇದ್ದೇ ಇದೆ.

ಇವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಹೂಂ ಅಂದೆ.

ಮಧ್ಯಾಹ್ನ ನೀರು ಕಾಯಿಸಲು ನೋಡಿದರೆ ದೊಡ್ಡ ಪಾತ್ರೆ ಇಲ್ಲ. ಹಾಲ್‌ನಿಂದ ತಂದಿಟ್ಟಿದ್ದ ಕೆಟಲ್ ಕೂಡ ಇಲ್ಲ.

ಜೂನ್ 18, ಗುರುವಾರ

ಚಾಪೆಗಳೂ ಇಲ್ಲ. ನಮ್ಮ ಮನೆಯಲ್ಲಿ ನೆಂಟರು ಬಂದಾಗ ಬೇಕೆಂದು ಕಟ್ಟಿಟ್ಟಿದ್ದ ದಿಂಬುಗಳೂ ಇಲ್ಲ. ಇವಳು ಮಧ್ಯಾಹ್ನದ ಊಟ ಮುಗಿಸಿ ಚೀಲ ಹಿಡಿದು ಹೊರಟರೆ ಸಂಜೆಗೇ ಬರುತ್ತಾಳೆ.

ನನಗೆ ಅರ್ಥವಾಗದೆ ಇಲ್ಲ. ಗಂಟುಮೂಟೆ ಕಟ್ಟುತ್ತಿದ್ದಾಳೆ. ನನಗೆ ಹೇಳದೆ ಒಂದೊಂದಾಗಿ ಸಾಮಾನು ಎಲ್ಲೋ ಸಾಗಿಸುತ್ತಿದ್ದಾಳೆ, ತಂಗಿಯ ಮನೆಗೇ ಇರಬೇಕು. ನಾನು ಸೋಲುತ್ತೇನೆಂದು ಇವಳೂ ತೀರ್ಮಾನಿಸಿಬಿಟ್ಟಿದ್ದಾಳೆ. ಇಷ್ಟು ವರ್ಷ ಜೊತೆಗಿದ್ದವಳು. ಕೇಳೋಣವೆಂದುಕೊಂಡೆ. ಕೇಳಿದರೆ ಹೌದು ಅಂದುಬಿಟ್ಟರೆ ಎಂದು ಸುಮ್ಮನಾದೆ. ಊಟ ಸೇರಲಿಲ್ಲ, ಆದರೂ ಮಾಡಿದೆ.

ಜೂನ್ 24, ಬುಧವಾರ

ಇವತ್ತು ಕೂಟದಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಣ್ಣು ಮುಚ್ಚಿರಬೇಕಾದ ಹೊತ್ತಿನಲ್ಲಿ ಬಿತ್ತು, ಅದಿರಲಿ. ಪ್ರಾರ್ಥನೆ ಕೊನೆಗೆ ಬರುವಾಗ ಟೈಲ್ಸಣ್ಣನ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ನನ್ನ ಹಾಗೆಯೇ. ಸೆಕ್ರೆಟರಿ ಆದಮೇಲೆ ಅವರಿಗೂ ಅಭ್ಯಾಸವಾಗಿದೆ.

ಒಂದು ಉಪಾಯ ಹೊಳೆದಿದೆ. ಇದು ಉಪಾಯವಲ್ಲ, ದೇವರ ನಡೆಸುವಿಕೆ. ಮೇಲಿನಿಂದ ಬಂದದ್ದು.

ಜೂನ್ 28, ಭಾನುವಾರ

ಪ್ರಾರ್ಥನೆ ಸಿದ್ಧವಾಗಿದೆ. ಐದನೇ ಸಲ ತಿದ್ದಿದ್ದು. ಮೊದಲು ಟೈಲ್ಸಣ್ಣನ ತಂದೆಯ ನೆನಪು. ಆಮೇಲೆ ಟೈಲ್ಸಿನ ಹೊಳಪು, ಕೊಟ್ಟ ಕೈಯ ಉದಾರತೆ. ಅಲ್ಲಿ ಧ್ವನಿ ಏರಬೇಕು. ಏರಿದ ಧ್ವನಿಯಲ್ಲೇ “ಈ ನೆಲ ದಣಿದವರೆಲ್ಲರ ಪಾದಗಳಿಗೆ ನಾಳೆಯಿಂದಲೇ ತೆರೆಯಲಿ” ಎಂದು ಒಂದೇ ಉಸಿರಿಗೆ ಮುಗಿಸಬೇಕು. ಯೋಚಿಸಲು ಸಮಯ ಕೊಡಬಾರದು.

ಇವಳಿಗೆ ಓದಿ ತೋರಿಸಿದೆ. ಸೂಜಿ ನಿಲ್ಲಿಸಿ ಕೇಳಿದಳು, ಪೂರ್ತಿ ಕೇಳಿದಳು.

“ಇದ್ರಲ್ಲಿ ದೇವರಿಗೆ ಅಂತ ಏನಾದ್ರೂ ಇದೆಯೇನ್ರೀ?”

“ಮೊದಲನೇ ಮಾತೇ ‘ಕರ್ತನೇ’ ಅಂತ ಇದೆಯಲ್ಲ.”

“ಹೂಂ, ಇದೆ” ಅಂದಳು. ಸೂಜಿಗೆ ದಾರ ಪೋಣಿಸುತ್ತ, “ಮೂರನೇ ಮಹಡಿ ಅಜ್ಜಿಯ ಯಜಮಾನರಿಗೆ ಮೈ ಸರಿಯಿಲ್ಲ. ಒಂದ್ಸಲ ಹೋಗ್ಬನ್ನಿ” ಅಂದಳು.

ಗುರುವಾರ ಹೋಗುತ್ತೇನೆ. ಬಾಗಿಲು ತೆಗೆಸಿಯೇ ಹೋಗುತ್ತೇನೆ, ಕೊಟ್ಟ ಮಾತು ಉಳಿಸಿಕೊಂಡ ಮುಖ ಇಟ್ಟುಕೊಂಡು.

ಜುಲೈ 1, ಬುಧವಾರ

ಗೆದ್ದೆ!

ತಂದೆಯ ನೆನಪಿಗೆ ಟೈಲ್ಸಣ್ಣ ಮೂಗು ಎಳೆದುಕೊಂಡರು. ಉದಾರತೆಗೆ ತಲೆ ತಗ್ಗಿಸಿದರು. ನಾನು ಧ್ವನಿ ಏರಿಸಿದೆ, ಜನವೂ ಜೊತೆಗೆ ಏರಿತು, ಉಸಿರು ಬಿಡದೆ ದಣಿದವರ ಪಾದಗಳವರೆಗೆ ಹೋಗಿ ನಿಲ್ಲಿಸಿದೆ. ಟೈಲ್ಸಣ್ಣ ಆಮೆನ್ ಅಂದರು. ಎಂಥ ಆಮೆನ್! ಗಡಿಯಾರದ ಹಿರಿಯರು ಬೆಚ್ಚಿ ಎದ್ದೇ ನಿಂತರು. ಆಮೇಲೆ ಟೈಲ್ಸಣ್ಣನ ಕಣ್ಣು ತೆರೆದುಕೊಂಡವು. ನನ್ನವು ಮೊದಲೇ ತೆರೆದಿದ್ದವು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಎಷ್ಟೋ ವರ್ಷದಲ್ಲಿ ಅವರ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ ಇರಬೇಕು. ನೆಮ್ಮದಿಯ ಮುಖವಲ್ಲ.

ಕೂಟ ಮುಗಿದ ಕೂಡಲೇ ಹತ್ತಿರ ಹೋಗಿ, “ನೀವೂ ಒಪ್ಕೊಂಡ್ರಿ” ಅಂದೆ. ಅಷ್ಟೇ ಅಂದೆ.

“ಪ್ರಾರ್ಥನೆ ಬೇರೆ, ತೀರ್ಮಾನ ಬೇರೆ ಅಯ್ಯನವರೇ” ಅಂದರು. ಅಂದರು, ಆದರೆ ಕಿವಿ ಕೆಂಪಾಗಿತ್ತು. ಭಾನುವಾರ ಸಮಿತಿಯಲ್ಲಿ ನೋಡಿಕೊಳ್ಳುತ್ತೇನೆ. ದಾರಿಯುದ್ದಕ್ಕೂ ಕೀರ್ತನೆ ಗುನುಗುತ್ತ ಬಂದೆ. ಇವಳು ಇನ್ನೂ ಮನೆಗೆ ಬಂದಿರಲಿಲ್ಲ. ಹೇಳಿಕೊಳ್ಳಲು ಯಾರೂ ಇಲ್ಲದೆ ಇಲ್ಲಿ ಬರೆಯುತ್ತಿದ್ದೇನೆ.

ಜುಲೈ 2, ಗುರುವಾರ

ಸಮಿತಿಗೆ ತಯಾರಿ. ಆಸ್ಪತ್ರೆಗೆ ಹೋಗಲಾಗಲಿಲ್ಲ. ಇವಳು ಮಾತು ಕಡಿಮೆ ಮಾಡಿದ್ದಾಳೆ. ಗೆದ್ದದ್ದನ್ನು ಹೇಳಿದೆ. “ಒಳ್ಳೇದಾಯ್ತು” ಅಂದಳು.

ಜುಲೈ 4, ಶನಿವಾರ

ಇವತ್ತು ಆಸ್ಪತ್ರೆಗೆ ಹೋದೆ.

ಮೂರನೇ ಮಹಡಿಯ ಆ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಕಾಲಿಗೆ ಬ್ಯಾಂಡೇಜು, ಸಣ್ಣ ವಯಸ್ಸು. ಕೆಳಗೆ ಬಂದು ಗೇಟಿನವನನ್ನು ಕೇಳಿದೆ.

“ಸ್ವೆಟರ್ ಅಜ್ಜಿನಾ? ಅವರ ಯಜಮಾನ್ರು ಬುಧವಾರ ಸಂಜೆ ಹೋಗ್ಬಿಟ್ರಲ್ಲ ಅಯ್ಯನವರೇ. ನಿಮಗೆ ಗೊತ್ತಿಲ್ವಾ? ಅಜ್ಜಿ ನಿಮ್ಮನ್ನ ಕೇಳಿದ್ರು. ಅಮ್ಮನವರು ಹೇಳಿದ್ರು, ಅಯ್ಯನವರು ಪ್ರಾರ್ಥನೇಲಿದಾರೆ ಅಂತ.”

ಅಮ್ಮನವರು ಎಂದರೆ ನನ್ನ ಹೆಂಡತಿ.

“ಅವರು ಇಲ್ಯಾಕೆ ಬಂದಿದ್ರು?” ಎಂದು ಕೇಳಿದೆ. ಅವನು ನನ್ನನ್ನು ಒಂದು ಥರ ನೋಡಿದ. “ದಿನಾ ಇಲ್ಲೇ ಇರ್ತಾರಲ್ಲ. ಈಗ್ಲೂ ಇದಾರೆ. ಹಳೇ ಲಾಂಡ್ರಿ ರೂಮಿಗೆ ಹೋಗಿ.”

ಲಾಂಡ್ರಿ ಕೋಣೆ ಕಟ್ಟಡದ ಹಿಂಭಾಗದಲ್ಲಿದೆ. ಬಟ್ಟೆ ಒಗೆಯಲು ಹೊರಗೆ ಕೊಡಲು ಶುರುಮಾಡಿದ ಮೇಲೆ ಅದು ಖಾಲಿ ಬಿದ್ದಿತ್ತು. ಸಿಮೆಂಟು ನೆಲ, ಅಲ್ಲಲ್ಲಿ ಕಿತ್ತಿದೆ. ಗೋಡೆಗೆ ಸಾಲಾಗಿ ನಲ್ಲಿಗಳು. ನಮ್ಮ ಚಾಪೆಗಳು ಹಾಸಿದ್ದವು. ನಮ್ಮ ದಿಂಬುಗಳ ಮೇಲೆ ಯಾರ್ಯಾರೋ ತಲೆ ಇಟ್ಟಿದ್ದರು. ನಮ್ಮ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಮೆಟ್ಟಿಲ ಮೇಲೆ ಕೂತಿದ್ದವರೆಲ್ಲ ಅಲ್ಲಿದ್ದರು, ಹೊಸಬರೂ ಇದ್ದರು. ಇವಳು ಮೂಲೆಯಲ್ಲಿ ಕೂತು ಬೆಡ್‌ಶೀಟು ಹೊಲಿಯುತ್ತಿದ್ದಳು. ಪಕ್ಕದಲ್ಲಿ ಒಂದೇ ತೋಳಿನ ನೀಲಿ ಸ್ವೆಟರ್.

ನಾನು ಬಾಗಿಲಲ್ಲಿ ನಿಂತೇ ಇದ್ದೆ.

“ನೀರು ಕಾದಿದೆ. ಗೋಡೆ ಹತ್ರ ಕೂತಿರೋರಿಗೆ ಒಂದ್ ಲೋಟ ಕೊಡಿ” ಅಂದಳು.

ಕೊಟ್ಟೆ. ಆಮೇಲೆ ಇನ್ನೊಬ್ಬರು ಕೇಳಿದರು, ಅವರಿಗೂ ಕೊಟ್ಟೆ. ಲೋಟ ತೀರಾ ತುಂಬಿಸಿದ್ದೆ, ಸ್ವಲ್ಪ ಚೆಲ್ಲಿತು. ಅಲ್ಲಿ ನೀರು ಚೆಲ್ಲಿದರೆ ನೆಲವೇ ಕುಡಿದುಬಿಡುತ್ತದೆ.

ಸಂಜೆ ಮನೆಗೆ ಬರುವಾಗ ಕೇಳಿದೆ, “ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ನಲ್ಲ. ಲಾಂಡ್ರಿ ರೂಮ್ ಖಾಲಿ ಇದೆಯಂತೆ, ಹೆಡ್ ನರ್ಸು ಬೀಗದ ಕೈ ಕೊಟ್ಟಿದಾರೆ, ಪಾತ್ರೆ ತಗೊಂಡು ಹೋಗ್ತೀನಿ ಅಂದೆ. ನೀವು ಬರೀತಾ ಇದ್ರಿ. ಹೂಂ ಅಂದ್ರಿ.”

“ಬುಧವಾರ ಬಂದು ಕರೀಬಾರದಿತ್ತಾ?”

“ಬಂದಿದ್ದೆ. ಕಿಟಕಿ ಹತ್ರ ನಿಂತಿದ್ದೆ. ಟೈಲ್ಸ್ ಚೆನ್ನಾಗಿ ಹೊಳೀತಿವೆ ಅಂತ ದೇವರಿಗೆ ಹೇಳ್ತಾ ಇದ್ರಿ. ಮಧ್ಯದಲ್ಲಿ ಹೇಗೆ ಕರೀಲಿ?”

ಅಜ್ಜಿ ಹೋಗುವಾಗ ಸ್ವೆಟರ್ ಬಿಟ್ಟುಹೋದರಂತೆ. ಒಯ್ದು ಏನು ಮಾಡಲಿ, ಯಾರಿಗಾದರೂ ಆಗುತ್ತದೆ ಅಂದರಂತೆ.

ನನಗೆ ನಾಚಿಕೆಯಾಗಿದೆ. ಇದನ್ನು ಬೇರೆ ಯಾವ ಮಾತಿನಲ್ಲೂ ಬರೆಯಲು ಬರುವುದಿಲ್ಲ. ಅಜ್ಜಿ ಕೇಳಿದ್ದು ಬಾಗಿಲನ್ನಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಹೊರಗೆ ಬಂದಾಗ ಇವಳು, “ನೀರು ಸುಮ್ನೆ ಹೋಗ್ತಿತ್ತಲ್ರೀ” ಅಂದಳು, ಟವೆಲ್ ಕೊಟ್ಟಳು.

ಜುಲೈ 5, ಭಾನುವಾರ

ಸಮಿತಿಗೆ ಹೋದೆ. ವಾದದ ಹಾಳೆಗಳನ್ನು ಒಯ್ಯಲು ಮರೆತೆ. ಟೈಲ್ಸಣ್ಣ ತಮ್ಮವನ್ನು ತಂದಿದ್ದರು, ದಪ್ಪ ಕಟ್ಟು.

ನಾನು, “ಈ ತಿಂಗಳ ಕೊನೆಗೆ ಹೊರಡ್ತೀನಿ” ಅಂದೆ.

ಅವರು ಒಂದು ಕ್ಷಣ ಹಾಳೆ ನೋಡಿದರು. ಅದಕ್ಕೆ ಅದರಲ್ಲಿ ಉತ್ತರವಿರಲಿಲ್ಲ ಎಂದು ಕಾಣುತ್ತದೆ. “ಹಾಲ್ ವಿಷಯಕ್ಕೆ ಬೇಜಾರಾ ಅಯ್ಯನವರೇ?”

“ಇತ್ತು.”

“ಎಲ್ಲಾದ್ರೂ ಬಾಗಿಲು ತೆರೀತಾ?”

“ತೆರೆದು ಮೂರು ವಾರ ಆಯ್ತಂತೆ. ನನಗೆ ನಿನ್ನೆ ಗೊತ್ತಾಯ್ತು.”

ಗಡಿಯಾರದ ಹಿರಿಯರು ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. “ಇನ್ಮೇಲೆ ನನ್ನನ್ನ ಯಾರು ಎಬ್ಬಿಸ್ತಾರೆ?” ಎಂದು ಕೇಳಿದರು. ತಮಾಷೆಗೆ ಅಂದರೆಂದು ನಕ್ಕೆ. ಅವರು ನಗಲಿಲ್ಲ.

ಜುಲೈ 10, ಶುಕ್ರವಾರ

ಮೇಲಿನ ಕಚೇರಿಯಿಂದ ಫೋನು. ದೂರದ ಊರೊಂದರಲ್ಲಿ ಸಭೆ ಖಾಲಿಯಿದೆ, ಹೋಗುತ್ತೀರಾ ಎಂದರು. ಒಳ್ಳೆಯ ಹಾಲ್ ಇದೆಯಂತೆ. ಬೇಡ, ಮುಂಚೆಯೇ ನಿವೃತ್ತಿ ಕೊಡಿ ಅಂದೆ. ಇವಳು ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ ನೋಡಿಬಂದಿದ್ದಾಳೆ. ಕಿಟಕಿಯಿಂದ ಆಸ್ಪತ್ರೆಯ ಹಿಂದಿನ ಗೇಟು ಕಾಣುತ್ತದೆ. ಪಿಂಚಣಿ ಸಣ್ಣದು, ಇವಳ ಹೊಲಿಗೆ ಇದೆ. ನಡೆಯುತ್ತದೆ.

ಲಾಂಡ್ರಿ ಕೋಣೆಯ ಕೊನೆಯ ನಲ್ಲಿ ಸೋರುತ್ತದೆ. ವಾಷರ್ ತರಬೇಕು.

ಜುಲೈ 17, ಶುಕ್ರವಾರ

ವಾಷರ್ ಹಾಕಿದೆ. ಈಗ ಅದರ ಪಕ್ಕದ್ದು ಸೋರುತ್ತಿದೆ.

ಜುಲೈ 26, ಭಾನುವಾರ

ಕೊನೆಯ ಆರಾಧನೆ. ಭಾಷಣಗಳಾದವು. ನನ್ನಲ್ಲಿ ಅನೇಕ ಗುಣಗಳಿರುವುದು ತಿಳಿಯಿತು.

ಕೊನೆಯ ಪ್ರಾರ್ಥನೆ ನನ್ನದು. ನಮ್ಮ ಸಭೆಯಲ್ಲಿ ಹೊರಡುವವರ ಕೊನೆಯ ಪ್ರಾರ್ಥನೆ ಎಂದರೆ ಎಲ್ಲರೂ ಸ್ವಲ್ಪ ಮುಂಚೆ ಬಂದು ಜಾಗ ಹಿಡಿಯುತ್ತಾರೆ. ಅದಕ್ಕೆ ಎದುರು ಮಾತಿಲ್ಲ. ಹಿಂದಿನ ಸಭಾಪಾಲಕರು ಇಲ್ಲಿಂದ ಹೊರಡುವಾಗ ಒಬ್ಬೊಬ್ಬರ ಪಾಪವನ್ನೂ ಕ್ಷಮಿಸುವಂತೆ ಬಿಡಿಬಿಡಿಯಾಗಿ ಬೇಡಿಕೊಂಡಿದ್ದರು, ಆ ಪಾಪಗಳ ಬಗ್ಗೆ ಜನ ಇವತ್ತಿಗೂ ಮಾತಾಡಿಕೊಳ್ಳುತ್ತಾರೆ. ಇವತ್ತು ಮೈಕಿನ ಸಹೋದರ ಧ್ವನಿ ಹೆಚ್ಚಿಸಿಟ್ಟಿದ್ದ. ಟೈಲ್ಸಣ್ಣ ಎರಡು ಕೈಯಲ್ಲೂ ಬೆಂಚು ಹಿಡಿದು ಕೂತಿದ್ದರು. ಜೂನ್ ತಿಂಗಳಲ್ಲಿ ಈ ದಿನಕ್ಕೆಂದು ನಾನು ಕೆಲವು ಒಳ್ಳೆಯ ಸಾಲುಗಳನ್ನು ಯೋಚಿಸಿಟ್ಟಿದ್ದೆ. ನೆನಪಿಸಿಕೊಳ್ಳಲು ಹೋದೆ, ನಲ್ಲಿಯ ವಾಷರೇ ನೆನಪಿಗೆ ಬರುತ್ತಿತ್ತು.

“ಕರ್ತನೇ, ಇವರನ್ನು ಚೆನ್ನಾಗಿ ಇಡು. ಇವರ ಮನೆಯಲ್ಲಿ ಕಾಯಿಲೆ ಬಿದ್ದವರನ್ನು ಗುಣಮಾಡು. ನನಗೆ ಇಲ್ಲಿ ಕೊಟ್ಟ ಕೆಲಸಕ್ಕಾಗಿ ಸ್ತೋತ್ರ.” ಅಷ್ಟೇ ಅಂದು ನಿಲ್ಲಿಸಿದೆ.

ಯಾರೂ ಆಮೆನ್ ಅನ್ನಲಿಲ್ಲ. ಇನ್ನೂ ಇದೆ ಅಂದುಕೊಂಡರು. ಎಲ್ಲರಿಗಿಂತ ಮೊದಲು ಅನ್ನಬೇಕಾದವನು ನಾನೇ ಎಂದು ನನಗೂ ಹೊಳೆಯಲಿಲ್ಲ. ಕೊನೆಗೆ ಗಡಿಯಾರದ ಹಿರಿಯರು ಅಂದರು. ಅವರು ಪೂರ್ತಿ ಎಚ್ಚರವಾಗಿದ್ದರು. ಆಮೇಲೆ ಎಲ್ಲರೂ. ಟೈಲ್ಸಣ್ಣನದು ಎಲ್ಲರಿಗಿಂತ ತಡವಾಗಿ ಬಂತು. ಒಳಗೆ ಏನಾದರೂ ಇದೆಯೇ ಎಂದು ಹುಡುಕುತ್ತಿದ್ದರು ಪಾಪ. ಏನೂ ಇರಲಿಲ್ಲ.

ಜುಲೈ 28, ಮಂಗಳವಾರ

ಸಭೆಯ ಮನೆ ಖಾಲಿ ಮಾಡಿದೆವು. ಸಾಮಾನು ಒಂದೇ ಗಾಡಿಗೆ ಆಯಿತು, ಅರ್ಧ ಮೊದಲೇ ರಸ್ತೆ ದಾಟಿತ್ತಲ್ಲ.

ಹೊಸಲಿನ ಹತ್ತಿರ ನಾನು ಚಪ್ಪಲಿ ಕೈಗೆತ್ತಿಕೊಂಡು ನಿಂತೆ. ನಿಮ್ಮನ್ನು ಒಪ್ಪದ ಕಡೆಯಿಂದ ಹೊರಡುವಾಗ ಕಾಲಿಗೆ ಹತ್ತಿದ ಧೂಳನ್ನು ಝಾಡಿಸಿ ಹೋಗಿ ಎಂದು ಕರ್ತನೇ ಶಿಷ್ಯರಿಗೆ ಹೇಳಿದ್ದಾನೆ. ಅದರ ಮೇಲೆ ನಾನು ಎಷ್ಟೋ ಪ್ರಸಂಗ ಮಾಡಿದ್ದೇನೆ. ಮಾಡುವ ಅವಕಾಶ ಇವತ್ತೇ ಸಿಕ್ಕಿದ್ದು.

ಇವಳು ಬಕೆಟ್ ಹಿಡಿದು ಒಳಗಿನಿಂದ ಬಂದಳು. “ಏನ್ ಮಾಡ್ತಿದೀರಾ?”

“ಧೂಳು ಝಾಡಿಸೋಣ ಅಂತ.”

“ಝಾಡಿಸೋದಿದ್ರೆ ಆಚೆ ಹೋಗಿ ಝಾಡಿಸಿ. ಬರೋರಿಗೆ ಅಂತ ಈಗಷ್ಟೇ ಒರೆಸಿದೀನಿ.”

ಆಚೆ ಹೋದೆ. ಆಚೆ ಹೋದ ಮೇಲೆ ಗಾಡಿಯವನು ಮಂಚದ ಒಂದು ಬದಿ ಹಿಡಿಯಿರಿ ಅಂದ. ಹಿಡಿದೆ.

ಆಗಸ್ಟ್ 6, ಗುರುವಾರ

ನಿನ್ನೆ ಬುಧವಾರ ಆಗಿತ್ತು ಎಂದು ಇವತ್ತು ನೆನಪಾಯಿತು.

ಆಗಸ್ಟ್ 8, ಶನಿವಾರ

ಕೆಟಲ್ ಬೇಗ ಆರುತ್ತದೆಂದು ಇವಳು ಆ ನೀಲಿ ತೋಳನ್ನು ಬಿಚ್ಚಿ ಕೆಟಲ್‌ಗೆ ತೊಡಿಸಿದ್ದಾಳೆ. ತೋಳಿಲ್ಲದ್ದನ್ನು ಮಕ್ಕಳ ವಾರ್ಡಿನ ಹೊರಗೆ ಕಾಯುವ ಒಬ್ಬ ಅಪ್ಪ ಹಾಕಿಕೊಂಡಿದ್ದಾನೆ. ಅಳತೆ ಸರಿಯಾಗಿದೆ.

ಆಗಸ್ಟ್ 13, ಗುರುವಾರ

ಮಧ್ಯಾಹ್ನ ಲಾಂಡ್ರಿ ಕೋಣೆಗೆ ಟೈಲ್ಸಣ್ಣ ಬಂದರು.

ಅವರ ಅಕ್ಕನನ್ನು ನಿನ್ನೆ ಸೇರಿಸಿದ್ದಾರಂತೆ. ತಾಯಿ ಇಲ್ಲದ ಇವರನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಒಳಗೆ ಅಕ್ಕನ ಮಗಳು ಇದ್ದಾಳೆ, ಇವರನ್ನು ಬಿಡಲಿಲ್ಲ. ಬೆಳಿಗ್ಗೆಯಿಂದ ಗೇಟಿನ ಹತ್ತಿರ ನಿಂತಿದ್ದರಂತೆ, ಗೇಟಿನವನು ಇಲ್ಲಿಗೆ ಕಳಿಸಿದ. ಬಾಗಿಲಲ್ಲಿ ನನ್ನನ್ನು ನೋಡಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಆಮೇಲೆ ಅಭ್ಯಾಸಬಲದಿಂದ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು.

“ಹಾಕ್ಕೊಂಡೇ ಬನ್ನಿ, ನೆಲ ಚುಚ್ಚುತ್ತೆ” ಅಂದೆ.

ಚಾಪೆಯ ಮೇಲೆ ಕೂತರು. ಟೀ ಕೊಟ್ಟೆ. ಲೋಟ ತೆಗೆದುಕೊಳ್ಳುವಾಗ ಸ್ವಲ್ಪ ಚೆಲ್ಲಿತು. ಅಯ್ಯೋ ಎಂದು ಕರವಸ್ತ್ರ ತೆಗೆದು ನೆಲ ಒರೆಸಲು ಬಗ್ಗಿದರು. “ಬಿಡಿ, ನನ್ನದೂ ಮೊದಲ ದಿನ ಚೆಲ್ಲಿತ್ತು” ಅಂದೆ.

ಅವರು ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡರು. ಇಂಥ ಹೊತ್ತಿನಲ್ಲಿ ನಮ್ಮ ಸಭೆಯವರು ಕಣ್ಣು ಮುಚ್ಚಿಬಿಡುತ್ತಾರೆ. ಅವರು ಮುಚ್ಚಿದರು. ತುಟಿ ಅಲುಗಿತು, ಏನೂ ಬರಲಿಲ್ಲ. ಮತ್ತೆ ತೆರೆದರು.

“ಅಕ್ಕನಿಗೆ ಏನಾದ್ರೂ ಆದ್ರೆ ನಾನು ಹೇಗಿರ್ಲಿ ಅಯ್ಯನವರೇ?” ಅಂದರು. ನನ್ನ ಮುಖ ನೋಡಿ ಅಂದರು.

ಗೊತ್ತಿಲ್ಲ ಅಂದೆ. ಪಕ್ಕದಲ್ಲೇ ಕೂತೆ.

ಸಂಜೆ ಮಗಳು ಬಂದು, ಅಕ್ಕ ಕಣ್ಣು ಬಿಟ್ಟು ತಮ್ಮನನ್ನು ಕೇಳಿದರು ಅಂದಳು. ಟೈಲ್ಸಣ್ಣ ಎದ್ದು ಮುಖ ಒರೆಸಿಕೊಂಡರು. ಬಾಗಿಲವರೆಗೆ ಹೋಗಿ ತಿರುಗಿ ನಿಂತು, ಕಿತ್ತುಹೋದ ನೆಲವನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದರು. ಕಣ್ಣಲ್ಲೇ ಅಳೆಯುತ್ತಿದ್ದರು.

“ಇಲ್ಲಿಗೊಂದು ಟೈಲ್ಸ್ ಹಾಕಿಸ್ಕೊಡ್ಲಾ ಅಯ್ಯನವರೇ? ಅಂಗಡೀಲಿ ಬಿಳೀದು ಮಿಕ್ಕಿದೆ.”

“ಬೇಡ” ಅಂದೆ.

ಅವರ ಮುಖ ನೋಡಿಯೇ ಅಂದೆ. ಅವರಿಗೆ ಬೇಜಾರಾದ ಹಾಗೆ ಕಾಣಲಿಲ್ಲ. “ಹಾಗಾದ್ರೆ ನಾಳೆ ಏನು ತರ್ಲಿ?” ಎಂದು ಕೇಳಿದರು.

ವಾಷರ್ ತನ್ನಿ ಅಂದೆ.